ಇಳಿತದ ಪಟ್ಟಿ

ಅಡುಗೆಮನೆಯ ಗೋಡೆಯಲ್ಲಿ, ಮೇರಿಮಾತೆಯ ಪಟದ ಪಕ್ಕ,
ಈ ವರ್ಷದ ಇಳಿತದ ಪಟ್ಟಿ ಇನ್ನೂ ನೇತಾಡುತ್ತಿದೆ.
ಮಾರ್ಚಿ ಹದಿನಾಲ್ಕರವರೆಗೆ ಪೆನ್ಸಿಲ್ಲಿನ ಗೀಟು.
ಆಮೇಲೆ ಕಡಲು ತನ್ನ ಪಾಡಿಗೆ ತಾನು
ಇಳಿದಿದೆ, ಏರಿದೆ,
ಯಾರೂ ಲೆಕ್ಕ ಇಟ್ಟಿಲ್ಲ.

ನಮ್ಮಜ್ಜಿ ಎರ್ಮಿತಾಸ್ ಗಡಿಯಾರ ನಂಬಿದವಳಲ್ಲ.
ಅರೋಸಾ ಕೊಲ್ಲಿ ಹಿಂದೆ ಸರಿದರೆ ಅವಳಿಗೆ ಬೆಳಗು,
ಅದು ನಸುಕಿನ ಮೂರಾದರೂ ಸರಿಯೆ.
ಮೊಣಕಾಲುದ್ದ ಬೂಟು, ತೀರಿಹೋದ ಅಜ್ಜನ ಉಣ್ಣೆಟೊಪ್ಪಿ,
ಹೆಗಲಿಗೆ ಹಲುಬೆ, ಹಿಂದೆ ಕಟ್ಟಿದ ಎರಡು ಬಕೆಟ್ಟು,
ಹೊಗೆಕೊಳವೆ ತೂತಾದ ಮೊಪೆಡ್ಡು ಹತ್ತಿ ಹೊರಟಳೆಂದರೆ
ಊರ ನಾಯಿಗಳಿಗಿಂತ ಮೊದಲು
ಪಾದ್ರಿಗೆ ಎಚ್ಚರ.

ಬಗ್ಗಿದ ಬೆನ್ನು ಎತ್ತದೆ ನಾಲ್ಕು ತಾಸು ಕೆಸರು ಬಾಚಿ
ಚಿಪ್ಪು ತೂಗಿಸಿ ಮನೆಗೆ ಬಂದು
ಕೈ ತೊಳೆದರೆ ಅದೇ ವಿಶ್ರಾಂತಿ.
ಮತ್ತೆ ಆಲೂಗಡ್ಡೆ ಮಡಿ, ಮೊಲಗಳು, ಸಬೇಲಾ ಅತ್ತೆಯ ಅವಳಿಗಳು,
ಪಕ್ಕದ ಮನೆಯ ಮುದುಕನ ಕಾಲುಗುರು
(ಅವನು ಅವಳಿಗಿಂತ ನಾಲ್ಕು ವರ್ಷ ಚಿಕ್ಕವ).
ಅವಳು ಕೂತದ್ದನ್ನು ನಾನು ಕಂಡದ್ದು ಎರಡೇ ಕಡೆ:
ಇಗರ್ಜಿಯಲ್ಲಿ, ಹಲ್ಲಿನ ಡಾಕ್ಟರಲ್ಲಿ.
ಅಲ್ಲೂ ತುದಿಗಾಲಲ್ಲಿ.

ಜೇಬಿನಲ್ಲೊಂದು ಹಿತ್ತಾಳೆ ಬಳೆ ಇರುತ್ತಿತ್ತು, ಚಿಪ್ಪು ಅಳೆಯಲು.
ಅದರಲ್ಲಿ ತೂರಿಹೋದದ್ದು ಸಣ್ಣದು,
ನೀರಿಗೆ ವಾಪಸು ಬಿಡಬೇಕು, ಕಾನೂನು.
ಬೇಸಿಗೆಯಲ್ಲಿ ನಾವು ಒಂಬತ್ತು ಮೊಮ್ಮಕ್ಕಳು ಸಾಲಾಗಿ ನಿಂತರೆ
ಒಬ್ಬೊಬ್ಬರ ಮೂಗಿಗೂ ಬಳೆ ಹಿಡಿದು
‘ತೂರಿತು. ಸಣ್ಣದು. ತಿನ್ನು’ ಎನ್ನುವಳು.
ನನಗೀಗ ನಲವತ್ತೊಂದು.
ಕಳೆದ ಕ್ರಿಸ್ಮಸ್ಸಿಗೂ ತೇರ್ಗಡೆಯಾಗಲಿಲ್ಲ.

ಕೊಡುವ ಕೈ, ಎಂದು ಊರು ಹೊಗಳುತ್ತದೆ. ಊರಿಗೇನು?
ಅಮ್ಮನ ಮದುವೆಯ ಕೋಟನ್ನು ಒಂದು ಮಾತೂ ಕೇಳದೆ ಕೊಟ್ಟಳು,
ಕಡಲಲ್ಲಿ ಗಂಡನನ್ನು ಕಳಕೊಂಡು
ಮಳೆಯಲ್ಲಿ ನಿಂತಿದ್ದ ಯಾವಳೋ ಹೆಂಗಸಿಗೆ.
ಅಮ್ಮ ಹನ್ನೊಂದು ದಿನ ಮಾತು ಬಿಟ್ಟಳು.
ಹನ್ನೊಂದು ದಿನವೂ ಅಮ್ಮನ ಹೊಸ್ತಿಲಲ್ಲಿ
ಬಟ್ಟೆ ಸುತ್ತಿದ ಬಿಸಿ ಮೆಕ್ಕೆಜೋಳದ ಬ್ರೆಡ್ಡು.
ತಪ್ಪಾಯಿತು ಎಂದು ಮಾತ್ರ ಅನ್ನಲಿಲ್ಲ.
‘ಚಳಿಗೆ ಗೊತ್ತಾಗುತ್ತದೇನೇ, ಅದು ಮದುವೆಯ ಕೋಟು ಅಂತ?’

ಪೆಟ್ಟಿಗೆಯನ್ನು ಸ್ಮಶಾನದ ಗೋಡೆಗೂಡಿಗೆ ತಳ್ಳಿದ ದಿನ
ಹನ್ನೊಂದೂವರೆಗೆ ಇಳಿತ.
ಚಿಪ್ಪಿನ ಹೆಂಗಸರು ಬೂಟಿನಲ್ಲೇ ಬಂದರು.
ಪಾದ್ರಿ ಚುಟುಕಾಗಿ ಮುಗಿಸಿದರು;
ನೀರು ಕಾಯುವುದಿಲ್ಲ, ತಡವಾದರೆ
ಒಳಗಿನಿಂದಲೇ ಬಯ್ಯುವಳು ಅನ್ನುವ ಹಾಗೆ.
ಇಗರ್ಜಿಯ ಹಾಸುಗಲ್ಲಿನ ಮೇಲೆ ಉಳಿದ ಮರಳನ್ನು
ಭಾನುವಾರದವರೆಗೂ ಯಾರೂ ಗುಡಿಸಲಿಲ್ಲ.

ಸಂಜೆ ಫ್ರೀಜರು ತೆರೆದೆವು.
ಚೀಲದ ಮೇಲೆ ಚೀಲ, ಎಲ್ಲಕ್ಕೂ ಚೀಟಿ,
ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳ ಓರೆ ಅಕ್ಷರ:
‘ಶಕೀನನಿಗೆ, ಉಪ್ಪು ಹಾಕಿಲ್ಲ.’
‘ಬ್ರಾಯಿಸ್, ಪರೀಕ್ಷೆ ಮುಗಿದ ಮೇಲೆ.’
‘ಅಂಚೆಯವನ ಹೆಂಡತಿಗೆ, ಅವನಿಗಲ್ಲ.’
‘ಸೊಸೆಗೆ, ಕೋಟಿನ ಬಾಬ್ತು.’
ಕೋಟು ಹೋಗಿ ಇಪ್ಪತ್ತೆರಡು ವರ್ಷ.
ಅಮ್ಮ ಆ ಚೀಲ ಹಿಡಿದು ನೆಲದ ಮೇಲೆ ಕೂತುಬಿಟ್ಟಳು,
ಬೆರಳು ಮರಗಟ್ಟಿದರೂ ಬಿಡದೆ.

ಎಲ್ಲವನ್ನೂ ಹಂಚಿದೆವು. ತಳದಲ್ಲೊಂದು ಉಳಿಯಿತು:
‘ಎದೆಲ್ಮಿರಾ’, ಅಷ್ಟೇ.
ಊರಿನಲ್ಲಿ ಎದೆಲ್ಮಿರಾ ಇಲ್ಲ. ಆಚೆ ದಡದಲ್ಲೂ ಇಲ್ಲ.
ಮೀನುಪೇಟೆಯಲ್ಲಿ ವಿಚಾರಿಸಿದೆವು, ಪಾದ್ರಿ ಹಳೆಯ ದಫ್ತರ ತಿರುವಿದರು.
ಕೋಟಿನವಳಿರಬಹುದೇ ಎಂದು ಅಮ್ಮ.
ಮೂರು ತಿಂಗಳಾಯಿತು,
ಮನೆ ಬೀಗ ಹಾಕುವ ಮಾತು ಬಂದಿದೆ.
ಲೆಕ್ಕಾಚಾರದ ಮನುಷ್ಯ ಶಕೀನ್ ಚಿಕ್ಕಪ್ಪ
ನಿನ್ನೆ ಮೀಟರಿನ ಮುಂದೆ ತುಂಬ ಹೊತ್ತು ನಿಂತಿದ್ದು
ತಲೆ ಕೆರೆದುಕೊಂಡು ಹೇಳಿದ:
‘ಕರೆಂಟು ಮಾತ್ರ ಇರಲಿ.
ಅವಳು ಬಂದರೆ, ಬರಿಗೈಯಲ್ಲಿ ಕಳಿಸೋದು ಹೇಗೆ?’