ತಲೆಕಟ್ಟು

ಸಾಗರದ ರೂಟಿನಲ್ಲಿ ಇಪ್ಪತ್ತೆಂಟು ವರ್ಷ ತಲೆ ಎಣಿಸಿದವನು
ಈಗ ಮಂಗಳವಾರ, ಶುಕ್ರವಾರ
ದುರ್ಗಿಗುಡಿಯ ಈ ಮಹಡಿಯಲ್ಲಿ
ಮೊಣಕಾಲು ಎಣಿಸುತ್ತೇನೆ. ಸಂಬಳವಿಲ್ಲ,
ಹನ್ನೊಂದಕ್ಕೊಂದು ಚಾ.

ಕಾಲುನೋವಿನವರ ಕ್ಲಿನಿಕ್ಕಿಗೆ ಹತ್ತೊಂಬತ್ತು ಮೆಟ್ಟಿಲು
ಯಾವ ಪುಣ್ಯಾತ್ಮ ಇಟ್ಟನೋ.
ಬಿಸಿ ಚೀಲಕ್ಕೆ ಟವೆಲ್ ಸುತ್ತುವುದು,
ಬಿಟ್ಟ ಚಪ್ಪಲಿ ತಿರುಗಿಸಿಡುವುದು,
ಇಷ್ಟೇ ನನ್ನ ವಿದ್ಯೆ.

ಸೀಗೆಹಟ್ಟಿಯ ತಿಪ್ಪಮ್ಮನಿಗೆ ಏಳಾದ ಮೇಲೆ ಎಂಟು ಬರುವುದಿಲ್ಲ.
ನಾನು ಒಂಬತ್ತು ಅಂದುಬಿಡುತ್ತೇನೆ.
ಪರದೆಯ ಆಚೆಯಿಂದ ವಿನುತಾ ಡಾಕ್ಟರು:
"ಕಂಡಕ್ಟ್ರೇ, ಒಂದು ಟಿಕೆಟ್ ಕಮ್ಮಿ ಬಂತು."

ಗಫೂರ್ ಸಾಬರ ಬಲಗೈ ಮಾತ್ರ ಲೆಕ್ಕಕ್ಕೆ ಸಿಗದು.
ಅರ್ಧ ಊರಿನ ಅಂಗಡಿಗಳಿಗೆ ಹೆಸರು ಬರೆದ ಕೈ.
ಈಗ ಅದರ ಬೆರಳು ಗೋಡೆ ಹತ್ತಬೇಕು, ಇರುವೆಯ ಹಾಗೆ.
ಮೇಲೆ, ನನ್ನ ಕಣ್ಣಿನ ಮಟ್ಟಕ್ಕೆ, ಅವರ ಹೆಸರು ಬರೆದಿದ್ದೇನೆ;
ಕೆಳಗೆ, ಕೈ ತಲುಪಿದಲ್ಲಿಗೆ, ದಿನಕ್ಕೊಂದು ಪೆನ್ಸಿಲ್ ಗೆರೆ.
ಮೂರು ವಾರ ಗೆರೆ ಗಡ್ಡ ದಾಟಲಿಲ್ಲ.
ಒಂದು ದಿನ ಕೆಳಗಿಳಿಯಿತು.
ಅವತ್ತಿನದನ್ನು ನಾನು ಎಳೆಯಲಿಲ್ಲ.

ಇವತ್ತು ಗೋಡೆ ಬಿಟ್ಟು ನನ್ನನ್ನೇ ದುರುಗುಟ್ಟಿದರು.
"ಏನ್ರೀ ಇದು ಅಕ್ಷರ? ಗಕಾರಕ್ಕೆ ತಲೆಕಟ್ಟೇ ಇಲ್ಲ,
ಬೋಳು ಬೋಳು! ಕೊಡ್ರೀ ಇಲ್ಲಿ."
ಪೆನ್ಸಿಲ್ ಬೆರಳ ಸಂದಿಗೆ ತೂರಿಸಿಕೊಟ್ಟೆ.
ಕೈ ಹೊರಟಿತು. ಗಡ್ಡ. ತುಟಿ.
ಮೀಸೆಯ ಹತ್ತಿರ ನಿಂತು ನಡುಗಿತು,
ಅಲ್ಲಾ ಎಂದಿತು ಬಾಯಿ, ಮತ್ತೆ ಹೊರಟಿತು.
ಬಿತ್ತು ತಲೆಕಟ್ಟು,
ಗಾಳಿಗೆ ಸರಿದ ಟೋಪಿಯ ಹಾಗೆ, ಒಂಚೂರು ಪಕ್ಕಕ್ಕೆ.

"ನಂದು ಎಷ್ಟಾತು, ಹೇಳೋರು ಯಾರೂ ಇಲ್ಲೇನು?"
ಆಚೆ ಮಂಚದಲ್ಲಿ ತಿಪ್ಪಮ್ಮ.
ಕಾಲು ಇನ್ನೂ ಮೇಲೇ ಇತ್ತು.