ಗುರುವಾರದ ಹೆಣ

ವಾಲ್ಪರೈಸೋದ ಬಂದರಿನಲ್ಲಿ, ಮೀನಿನ ಗೋದಾಮಿಗೆ
ಬೆನ್ನು ಕೊಟ್ಟು ನಿಂತ ನಮ್ಮ ಟಾಕೀಸಿಗೆ
ನೂರಾ ಹನ್ನೆರಡು ಕುರ್ಚಿ, ಒಂಬತ್ತಕ್ಕೆ ಸ್ಪ್ರಿಂಗಿಲ್ಲ.
ಬೇರೆ ದಿನ ಮಾಲೀಕರು ಏನಾದರೂ ಹಾಕಿಕೊಳ್ಳಲಿ.
ಗುರುವಾರ ರಾತ್ರಿ ಕೊಲೆಯ ಚಿತ್ರ.
ಗುರುವಾರ ನನ್ನದು.

ಟಿಕೆಟು ಹರಿಯುವವನು ನಾನು.
ಹರಿದು ಹರಿದು ಹೆಬ್ಬೆರಳಿನ ಉಗುರು ಒಂದು ಕಡೆ ಸವೆದಿದೆ.
ಆದರೂ ಹೇಳುತ್ತೇನೆ, ಕೇಳಿ:
ದೀಪ ಆರಿಸಿದರಷ್ಟೇ ಕತ್ತಲಾಗುವುದಿಲ್ಲ.
ಒಂದು ಮೆಟ್ಟಿಲಿಗೆ ಮಾತ್ರ ಬೆಳಕು ಚೆಲ್ಲಿ
ಉಳಿದ ಹನ್ನೊಂದನ್ನು ನಮ್ಮ ಎದೆಗೆ ಬಿಡಬೇಕು.
ರಕ್ತ ಬೇಡ, ಕೊಂದವನು ಕೈ ತೊಳೆಯುವ ಸದ್ದು ಸಾಕು;
ನಲ್ಲಿ ನಿಂತ ಮೇಲೂ ಟವೆಲಿಗಾಗಿ ತಡಕುತ್ತಾನಲ್ಲ,
ಆ ನಾಲ್ಕು ಕ್ಷಣಕ್ಕೆ
ತಿಂಗಳ ಸಂಬಳ ಕೊಟ್ಟೇನು.

ಪತ್ತೇದಾರ ಪರದೆಯಿಂದ ಇತ್ತ ತಿರುಗಿ ದಿಟ್ಟಿಸಿದನೋ,
ಹಾಲಿಗೆ ಹಾಲೇ ಸರಿದು ಕೂರುತ್ತದೆ.
ಕುಂಬಳಕಾಯಿ ಕಳ್ಳ ಅಂದದ್ದೇ ತಡ
ಎಲ್ಲರ ಕೈಯೂ ಹೆಗಲ ಕಡೆಗೆ:
ಕಸ್ಟಮ್ಸ್ ಗುಮಾಸ್ತ, ಹಲ್ಲಿನ ಡಾಕ್ಟರು,
ಹೆಂಡತಿಗೆ ಹೇಳದೆ ಬಂದ ಗುಡ್ಡದ ಲಿಫ್ಟಿನವನು.
ಯಾರು ಏನು ಕದ್ದಿದ್ದಾರೋ.
ಹಿಂದೆ ನಿಂತು ನೋಡುತ್ತೇನೆ. ಅದೂ ಒಂದು ಚಿತ್ರವೇ.

ಏಳನೇ ಸಾಲಿನ ತುದಿ ಎರ್ಮಿನಿಯಾಳದು.
ಎಪ್ಪತ್ತು ದಾಟಿದ ಹೊಲಿಗೆಯವಳು,
ಕೋಟಿನ ಕಾಲರಿಗೆ ಸದಾ ಎರಡು ಗುಂಡುಸೂಜಿ,
ಜೇಬಿನಲ್ಲಿ ಹುರಿದ ಕಡಲೆಕಾಯಿ.
ಹೆಣ ಸಿಗುವವರೆಗೆ ಮುಟ್ಟುವುದಿಲ್ಲ.
ಸಿಕ್ಕಿತೋ, ಮೊದಲ ಕಾಯಿ ಒಡೆಯುತ್ತದೆ: ಟಕ್.
ಆಮೇಲೆ ನಿರಾಳ, ಮದುವೆಯ ಪಂಕ್ತಿಗೆ ಕೂತವಳ ಹಾಗೆ.
ಮುದುಕಿಗೆ ರಕ್ತದ ರುಚಿ ಎಂದು
ಆಪರೇಟರನ ಜೊತೆ ನಕ್ಕವನು ನಾನೇ.

ಕಳೆದ ಜುಲೈಯ ಚಳಿಯಲ್ಲಿ ಒಂದು ಬಂತು.
ಮಂಜು. ಹಡಗುಕಟ್ಟೆ. ಕಾಣೆಯಾದ ಒಬ್ಬ.
ಎರಡು ಗಂಟೆ ಹತ್ತು ನಿಮಿಷ ಹುಡುಕುತ್ತಾರೆ.
ಕೊನೆಗೆ ಇನ್ಸ್‌ಪೆಕ್ಟರು ಕಡಲಿಗೆ ಮುಖ ಮಾಡಿ
ಕನ್ನಡಕ ಒರೆಸುತ್ತಾನೆ. ಅಷ್ಟೇ. ದೀಪ.
ಆಹಾ, ಅಂದೆ.
ಉತ್ತರ ಕೊಡದಿರಲು ಎಂಥ ಎದೆಗಾರಿಕೆ ಬೇಕು!

ಎರ್ಮಿನಿಯಾ ಬಂದು ಕಡಲೆಕಾಯಿ ಪೊಟ್ಟಣವನ್ನು
ಒಂದೂ ಒಡೆಯದೆ ನನ್ನ ಮೇಜಿನ ಮೇಲಿಟ್ಟಳು.
'ದುಡ್ಡು ವಾಪಸ್ ಕೊಡು.'
'ಅಮ್ಮಾ, ಇದು ಕಲೆ...'
'ಇದು ನನ್ನ ಮನೆಯಲ್ಲೇ ಇದೆಯಪ್ಪ,
ಮೂವತ್ತು ವರ್ಷದಿಂದ, ಪುಕ್ಕಟೆ.
ಇದಕ್ಕೂ ಟಿಕೆಟೇ?'

ತಮ್ಮ. ಲಿಸಾರ್ದೊ.
ಎಪ್ಪತ್ತನಾಲ್ಕರ ಆಗಸ್ಟು, ನಂಬರಿಲ್ಲದ ವ್ಯಾನು.
ಅವನಿಗೆಂದು ಹೊಲಿದ ಅಂಗಿಗೆ ಒಂದು ಗುಂಡಿ ಬಾಕಿಯಿತ್ತು.
'ಅಂಥವನೇ ಇಲ್ಲ ಅಂದರು ಕಚೇರಿಯಲ್ಲಿ.
ಇಲ್ಲದವನ ತೋಳಿನ ಅಳತೆ
ನನ್ನ ಪುಸ್ತಕದಲ್ಲಿದೆ.
ನಿನ್ನ ಚಿತ್ರಗಳಲ್ಲಿ ಒಬ್ಬ ಸತ್ತರೆ
ಊರಿಗೆ ಊರೇ ನಿದ್ದೆಗೆಟ್ಟು ಹುಡುಕುತ್ತದಲ್ಲ,
ಅದನ್ನು ನೋಡಲು ಬರುತ್ತೇನೆ.'

ಹೊರಗೆ ಕಡಲಸಿಂಹಗಳು ಕೆಮ್ಮುತ್ತಿದ್ದವು.
ನನ್ನ ಜೇಬಿನಿಂದ ಎಣಿಸಿ ಕೊಟ್ಟೆ. ಎಣಿಸಿಯೇ ತೆಗೆದುಕೊಂಡಳು.

ಕೊನೆಯನ್ನು ಮೊದಲೇ ಹೇಳುವುದು
ನಮ್ಮ ಕಸುಬಿನಲ್ಲಿ ಮಹಾಪಾಪ.
ಈಗ ವಾರಕ್ಕೊಮ್ಮೆ ಮಾಡುತ್ತೇನೆ, ಒಬ್ಬಳಿಗಾಗಿ:
ಅವಳು ಹುಬ್ಬು ಏರಿಸುತ್ತಾಳೆ,
ಸಿಗುವುದಾದರೆ ತಲೆಯಾಡಿಸುತ್ತೇನೆ,
ಇಲ್ಲವಾದರೆ ಟಿಕೆಟು ಹರಿಯುವುದಿಲ್ಲ.

ನಿನ್ನೆ ಡಬ್ಬಿ ತಡವಾಗಿ ಬಂತು.
ನಾನೇ ನೋಡಿರಲಿಲ್ಲ ಚಿತ್ರವನ್ನು.
ಮಳೆಯಲ್ಲಿ ಅಷ್ಟು ಮೆಟ್ಟಿಲಿಳಿದು ಬಂದಿದ್ದಳು;
ಹುಬ್ಬು ಏರಿತು,
ಆಡಿಸಿಬಿಟ್ಟೆ ತಲೆ.

ಆಮೇಲೆ ಹಿಂದಿನ ಗೋಡೆಗೆ ಒರಗಿ,
ನೆರಳು ಬೆಳಕು ಯಾವುದೂ ಕಾಣದೆ,
ಆ ಕೋಟಿನ ಜೇಬನ್ನೇ ನೋಡುತ್ತ,
ಹುಟ್ಟಿದಂದಿನಿಂದ ಮೊದಲ ಸಲ
ಹೆಣವೊಂದು ಸಿಗಲೆಂದು
ಹರಕೆ ಹೊತ್ತೆ.