ಎರಡನೆಯ ಸ್ವಾತಂತ್ರ್ಯ

ಲಿಬ್ರವಿಲ್‌ನ ಹೋಟೆಲಿನಲ್ಲಿ ಮೂರನೆಯ ದಿನ.
ಮೇಜಿನ ಆ ಬದಿ ಐವರು, ಈ ಬದಿ ಮೂವರು,
ನಡುವೆ ನಾನು, ಎರಡು ಭಾಷೆಗಳ ಅಂಬಿಗಿತ್ತಿ.
ಅವರ ಫ್ರೆಂಚನ್ನು ನಮ್ಮವರ ಪೋರ್ಚುಗೀಸಿಗೆ ದಾಟಿಸುತ್ತೇನೆ,
ಸುಂಕ ಕಟ್ಟದೆ.

ಆಕಾಶದ ಸ್ವಾತಂತ್ರ್ಯಗಳನ್ನು ಎಣಿಸಿ ಇಟ್ಟಿದ್ದಾರೆ.
ಮೊದಲನೆಯದು: ಇಳಿಯದೆ ಹಾರಿಹೋಗಬಹುದು.
ಎರಡನೆಯದು: ಇಳಿಯಬಹುದು, ಎಣ್ಣೆಗೆ, ರಿಪೇರಿಗೆ.
ಹತ್ತುವಂತಿಲ್ಲ ಯಾರೂ. ಇಳಿಯುವಂತಿಲ್ಲ ಯಾರೂ.
ಸರಾಗ ಹೇಳಿದೆ. ಒಂದು ಪ್ರತ್ಯಯವೂ ತಪ್ಪಲಿಲ್ಲ.

ಚಿಕ್ಕಮ್ಮ ಫೆಲಿಸ್ಬೆರ್ತಾ
ಇದೇ ಊರಿಂದ ಲುವಾಂಡಾಕ್ಕೆ ಹೊರಟ ವರ್ಷ
ವಿಮಾನ ನಮ್ಮ ಸಾವೊ ತೊಮೆಯಲ್ಲಿ
ನಲವತ್ತು ನಿಮಿಷ ನಿಂತಿತ್ತು.
ಅಮ್ಮ ಬೇಲಿಯ ಹೊರಗೆ.
ಕಂಕುಳಲ್ಲಿ ಸುಟ್ಟ ದೀವಿಹಲಸಿನ ಗಂಟು, ಇನ್ನೂ ಬಿಸಿ.
ತಲೆವಸ್ತ್ರ ಬಿಚ್ಚಿ ಬೀಸುತ್ತಿದ್ದಳು, ಹಳದಿ.
ಹದಿನಾಲ್ಕು ಕಿಟಕಿ. ಯಾವುದರಲ್ಲಿ ತಂಗಿ?
ಎಲ್ಲಕ್ಕೂ ಬೀಸಿದಳು, ಯಾವುದಕ್ಕೂ ಮೋಸವಾಗದಂತೆ.
ಬಾಗಿಲು ತೆರೆಯಲಿಲ್ಲ.
ಎಣ್ಣೆಯ ಪೈಪು ಮಾತ್ರ ಒಳಹೋಗಿ ಹೊರಬಂತು.
ಆಮೇಲೆ ಚಿಕ್ಕಮ್ಮನ ಕಾಗದ:
ಅಕ್ಕಾ, ನಾನು ಆಚೆ ಬದಿ ಕೂತಿದ್ದೆ,
ಸಮುದ್ರದ ಕಡೆ.

ಊಟವಾದ ಮೇಲೆ ಚೌಕಾಸಿ.
ವಾರಕ್ಕೆ ಎರಡು ಹಾರಾಟ ಅಂದರು ಅವರು,
ಐದು ಅಂದರು ನಮ್ಮವರು,
ಅಳೆದೂ ಸುರಿದೂ ಮೂರಕ್ಕೆ ಬಂದು ನಿಂತಿತು.
ಸೀಟು ಎಷ್ಟು, ಸರಕು ಎಷ್ಟು,
ದರಕ್ಕೆ ಯಾರ ಒಪ್ಪಿಗೆ.
ಅನುಬಂಧದಲ್ಲೊಂದು ಖಾಲಿ ಕಾಲಂ: ‘ಆಚೆಯ ಊರುಗಳು’.
ಅವರ ಹಿರಿಯ, ಮುಸಾವು,
ಪೆನ್ನಿನ ತುದಿಯಿಂದ ಅದನ್ನು ತಟ್ಟಿ
ಸದ್ಯಕ್ಕೆ ಇಲ್ಲ, ಅಂದ.
ಅನುವಾದಿಸಿದೆ. ‘ಸದ್ಯಕ್ಕೆ’ಯನ್ನು
ತುಸು ಒತ್ತಿ ಹೇಳಿದೆನೇನೋ.
ಇಷ್ಟು ವರ್ಷದಲ್ಲಿ ನಾನು ಮಾಡಿದ
ಕಳ್ಳಸಾಗಣೆ ಅಷ್ಟೇ.

ಐದನೆಯ ಸಂಜೆ, ಬೇಸತ್ತೋ, ಔದಾರ್ಯಕ್ಕೋ,
ಮೇಲಿನಿಂದ ಫೋನು ಬಂದೋ,
ಎಲ್ಲ ಅಂಕಿಗಳನ್ನೂ ಹೊಡೆದುಹಾಕಿ
‘ನಿರ್ಬಂಧವಿಲ್ಲ’ ಎಂದು ಬರೆದರು.
ಎಷ್ಟು ಸಲವಾದರೂ, ಯಾವ ಊರಿಗಾದರೂ, ಅದರಾಚೆಗೂ.
ಸಹಿ, ಕೈಕುಲುಕು, ಬೆಚ್ಚಗಾದ ಷಾಂಪೇನು.
ಫೋಟೋ ತೆಗೆವಾಗ ನನ್ನನ್ನು ಪಕ್ಕಕ್ಕೆ ಸರಿಸಿದರು.

ಆಕಾಶ ಈಗ ತೆರೆದಿದೆ.
ನಮ್ಮಲ್ಲಿ ವಿಮಾನವಿಲ್ಲ.
ಇದ್ದದ್ದೊಂದು ರನ್‌ವೇ ಕೊನೆಯ ಹುಲ್ಲಿನಲ್ಲಿ ನಿಂತಿದೆ,
ರೆಕ್ಕೆಯ ನೆರಳಿನಲ್ಲಿ ಯಾರದೋ ಕೋಳಿಗಳು.

ರಾತ್ರಿ ಅಮ್ಮನಿಗೆ ಫೋನು ಮಾಡಿದೆ:
ಇನ್ನು ಮೇಲೆ ಬಾಗಿಲು ತೆರೆಯಬಹುದಂತೆ.
ಅವಳು ಸುಮ್ಮನಿದ್ದಳು, ಹಿಂದೆ ರೇಡಿಯೋ ಕೇಳುತ್ತಿತ್ತು.
ಕೊನೆಗೆ ಕೇಳಿದಳು:
ಯಾವ ಬದಿಯ ಕಿಟಕಿ ಅಂತ
ಬರೆದಿದ್ದಾರಾ ಅದರಲ್ಲಿ?